ಸಮುದ್ರಕ್ಕೆ ಹೊರಟ ಮಾಮಾನ ಮೀಸೆ

ನಮ್ಮ ಮಾಮಾ ಕುಳಿತದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಫೋನ್ ಮಾಡಿ! ಬಸ್ಸಿಗೆ ಕಾಯುವಾಗ ಕಟ್ಟೆಯ ಅಂಚಿಗೆ ತಾಗಿದಂತೆ ಮಾಡಿ, ದೂರದಲ್ಲಿ ಯಾವುದೋ ಹಾರ್ನ್ ಕೇಳಿದ ಕೂಡಲೇ ಎದ್ದು ನಿಲ್ಲುತ್ತಾನಲ್ಲ, ಅದನ್ನು ನಾನು ಕೂರುವುದು ಎಂದು ಒಪ್ಪುವುದಿಲ್ಲ. ಬೆನ್ನು ಆನಿಸಿ, ಕಾಲು ಚಾಚಿ, ‘ಹಾಂ, ಈಗ ಹೇಳು’ ಅನ್ನುತ್ತಾರಲ್ಲ, ಅಂಥ ಕೂರುವುದು ಬೇಕು. ನನ್ನ ಅವ್ವನ ತಮ್ಮನಾದ ಈ ಮನುಷ್ಯನಿಗೆ ಅರವತ್ತಾಯಿತು. ಅಂಥದ್ದೊಂದು ಘಟನೆ ನಡೆದದ್ದಕ್ಕೆ ನಮ್ಮ ಮನೆತನದಲ್ಲಿ ಸಾಕ್ಷಿಯೇ ಇಲ್ಲ. ಅವನ ಮದುವೆಯ ಆಲ್ಬಮ್ಮಿನಲ್ಲಿ ಅತ್ತೆ ಲಕ್ಷಣವಾಗಿ ಕುಳಿತಿದ್ದಾಳೆ, ಪಕ್ಕದಲ್ಲಿ ಬೆಳ್ಳಗೆ ಏನೋ ಮಸುಕು. ‘ಇದೇನಿದು, ಊದಿನಕಡ್ಡಿ ಹೊಗೀನಾ?’ ಎಂದು ನನ್ನ ಮಗಳು ಕೇಳಿದಳು. ಅದು ನಿನ್ನ ಮುತ್ಯಾ ಎಂದು ಹೇಳಬೇಕಾಯಿತು.

ಶಹಾಪುರದಿಂದ ಗೋಗಿಗೆ ಹೋಗುವ ಶೇರ್ ಆಟೋಗಳನ್ನು ನೀವು ನೋಡಿರಬಹುದು. ಮಂದಿ ತುಂಬುವ ತನಕ ಅವು ಅಲುಗಾಡುವುದಿಲ್ಲ. ಮಾಮಾನಿಗೆ ಅಷ್ಟು ಹೊತ್ತು ಆಟೋದೊಳಗೆ ಕೂರುವ ಪ್ರಶ್ನೆಯೇ ಇಲ್ಲ. ‘ನಾ ಮುಂದ ನಡ್ಕೊಂತ ಹೋಗಿರ್ತೀನಿ, ದಾರ್‍ಯಾಗ ಹತ್ತಿಸ್ಕೊ’ ಎಂದು ಹೊರಟುಬಿಡುತ್ತಾನೆ. ಆಟೋ ತುಂಬಿಕೊಂಡು ಬರುವಾಗ ಅದರಲ್ಲಿ ಇವನಿಗೆ ಜಾಗ ಎಲ್ಲಿಂದ ಬರಬೇಕು? ಡ್ರೈವರ್ ಕೈ ಬೀಸಿ ಮುಂದೆ ಹೋಗುತ್ತಾನೆ, ಇವನೂ ಖುಷಿಯಿಂದ ಕೈ ಬೀಸುತ್ತಾನೆ. ಹೀಗೆ ಎಷ್ಟು ಸಲ ನಡೆದಿದ್ದಾನೆಂದರೆ, ದಾರಿಯ ಹೊಲದವರು ಇವನನ್ನು ಯಾವುದೋ ಹರಕೆ ಹೊತ್ತವನೆಂದು ತಿಳಿದು ತಂಬಿಗೆಯಲ್ಲಿ ನೀರು ಕೊಟ್ಟು ಕೈಮುಗಿಯುತ್ತಾರೆ. ಇವನು ಸಂಕೋಚವಿಲ್ಲದೆ ಆಶೀರ್ವಾದ ಮಾಡಿ ಮುಂದೆ ಹೋಗುತ್ತಾನೆ.

ದೇವರು ಇಂಥವನಿಗೆ ಸರಿಯಾದ ನೌಕರಿಯನ್ನೇ ಕೊಟ್ಟಿದ್ದ. ಸುರಪುರದಲ್ಲಿ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ! ದಿನವಿಡೀ ಓಣಿ ಸುತ್ತುವುದು, ಮೀಸೆ ತಿರುವುವುದು, ‘ಈ ತಿಂಗಳ ಬಾಳ ಓಡ್ಯಾದ ನೋಡ್ರಿ’ ಎಂದು ಹೆದರಿಸುವುದು. ಆದರೆ ಹೋದ ವರ್ಷ ನಿವೃತ್ತಿಯಾಯಿತು ನೋಡಿ, ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅತ್ತೆ ಫೋನಿನಲ್ಲಿ ನನ್ನ ಮುಂದೆ ಗೋಳು ತೋಡಿಕೊಂಡಳು. ‘ನಮ್ಮ ಮನಿ ಮೀಟರ್ ಮುಂಜಾನಿ ಒಮ್ಮಿ ಓದ್ತಾನ, ಸಂಜಿಕ ಒಮ್ಮಿ ಓದ್ತಾನ. ಫ್ಯಾನ್ ಹಾಕಿದ್ರ ಓಡಿ ಹೋಗಿ ನೋಡಿ ಬರ್ತಾನ. ಆ ಮೀಟರಿಗೂ ನಾಚಿಕಿ ಬಂದು ನಿಂತುಬಿಡ್ತದ ಒಂದಿನ!’

ಇಷ್ಟೆಲ್ಲ ಸುತ್ತಿದ ಮನುಷ್ಯ ಕಾಲಿಡದ ಜಾಗ ಒಂದೇ ಒಂದು. ಅದು ನೀರು. ಈ ಮಾತು ಮಾತ್ರ ನಗುವಂಥದ್ದಲ್ಲ. ಮಾಮಾ ಸಣ್ಣವನಿದ್ದಾಗ ಅವನ ಅಣ್ಣ, ಅಂದರೆ ನಮ್ಮಜ್ಜಿಯ ಹಿರಿಯ ಮಗ, ಹೊಲದ ಬಾವಿಯಲ್ಲಿ ಗೆಳೆಯರ ಜೊತೆ ಈಜಲು ಜಿಗಿದವನು ಮೇಲೆ ಬರಲಿಲ್ಲ. ಉಳಿದ ಮಗನಿಂದ ಅಜ್ಜಿ ಮಾತು ತೆಗೆದುಕೊಂಡಳು: ಬಾವಿಗೆ ಇಳಿಯಬಾರದು, ಕಾಲುವೆಗೆ ಇಳಿಯಬಾರದು, ಹೊಳೆಗೆ ಇಳಿಯಬಾರದು. ತಿಂಥಣಿಯ ಮೌನೇಶ್ವರನಿಗೆ ಹೋದಾಗ ನಾವೆಲ್ಲ ಕೃಷ್ಣೆಯಲ್ಲಿ ಮುಳುಗಿ ಏಳುತ್ತೇವೆ. ಮಾಮಾ ಮೆಟ್ಟಿಲ ಮೇಲೆಯೇ ಅತ್ತಿಂದಿತ್ತ ಓಡಾಡುತ್ತಾನೆ, ಅಜ್ಜಿ ತಂಬಿಗೆಯಲ್ಲಿ ನೀರು ತಂದು ಅವನ ತಲೆಗೆ ಚಿಮುಕಿಸುತ್ತಾಳೆ. ಬಸ್ಸು ಹೊಳೆಯ ಸೇತುವೆ ದಾಟುವಾಗ ಎಂಬತ್ತು ದಾಟಿದ ಆಕೆ ಅರವತ್ತರ ಮಗನ ಅಂಗಿಯ ತುದಿ ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಾಳೆ. ಮೀಟರಿನ ಸಲುವಾಗಿ ಇಡೀ ಊರಿನ ಜೊತೆ ಜಗಳ ಕಾದ ಮಾಮಾ ಈ ಒಂದು ವಿಷಯದಲ್ಲಿ ಒಂದು ದಿನವೂ ತಕರಾರು ಮಾಡಿದವನಲ್ಲ.

ಅಂಥವನು ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಯಾದಗಿರಿಯ ನಮ್ಮ ಮನೆಗೆ ಮೊದಲ ಬಸ್ಸಿಗೇ ಬಂದು ನಿಂತ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ರಜೆಯ ದಿನವಾದರೂ ನಿದ್ದೆ ಮಾಡೋಣವೆಂದರೆ ಇವನು ಬಾಗಿಲು ಬಡಿಯುತ್ತಿದ್ದಾನೆ! ಕೈಯಲ್ಲಿ ಮೊಬೈಲು. ಅದರೊಳಗೆ ನೀಲಿ ಸಮುದ್ರದ ತಳದಲ್ಲಿ ಯಾರೋ ಮೀನುಗಳ ನಡುವೆ ತೇಲುತ್ತಿದ್ದರು.

‘ಮುರುಡೇಶ್ವರದಾಗ ಸಮುದ್ರದ ಒಳಗ ಕರ್ಕೊಂಡು ಹೋಗ್ತಾರಂತ. ಸ್ಕೂಬಾ ಅಂತಾರಂತ. ಈಜು ಬರದವರಿಗೂ ನಡೀತದ, ಕೈ ಹಿಡ್ಕೊಂಡು ಇಳಸ್ತಾರಂತ. ನಾ ಹೋಗಾವ.’

‘ಅಜ್ಜಿಗಿ ಹೇಳಿದೇನು ಮಾಮಾ?’

ಮಾಮಾ ಸರಸರ ನಡೆದು ಹೋಗಿ ನಮ್ಮ ಮನೆಯ ಮೀಟರ್ ಮುಂದೆ ನಿಂತ. ‘ನಿಂದು ಈ ತಿಂಗಳ ಬಾಳ ಓಡ್ಯಾದ’ ಎಂದ.

ಹೇಳಿಲ್ಲ ಎಂದು ತಿಳಿಯಿತು. ಹೇಳದೆ ಹೋಗುವವನೂ ಅಲ್ಲ. ‘ಪೈಲೆ ಸಾಮಾನು ಜೋಡಿಸ್ತೀನಿ. ಸಾಮಾನು ಬರೋಬ್ಬರಿ ಇದ್ರ ಅವ್ವ ಒಪ್ತಾಳ’ ಎನ್ನುವುದು ಅವನ ತರ್ಕ. ಆ ಸಾಮಾನು ಯಾವುದೆಂದರೆ ಆನ್‌ಲೈನಿನಲ್ಲಿ ಸೋವಿಗೆ ಸಿಗುವ ಸ್ನಾರ್ಕಲ್ ಸೆಟ್ಟು: ಕಣ್ಣು ಮೂಗು ಮುಚ್ಚುವ ಒಂದು ಮಾಸ್ಕು, ಬಾಯಲ್ಲಿ ಕಚ್ಚಿಕೊಳ್ಳುವ ಒಂದು ಕೊಳವೆ, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರ್ ಚಪ್ಪಲಿ. ನೀರಿನ ಮೇಲೆ ಬೋರಲಾಗಿ ತೇಲುತ್ತ, ಕೊಳವೆಯಿಂದ ಉಸಿರಾಡುತ್ತ ಕೆಳಗೆ ನೋಡುವವರು ಹಾಕಿಕೊಳ್ಳುವಂಥದ್ದು. ಸಮುದ್ರದ ಒಳಗೇ ಇಳಿಯುವ ಸ್ಕೂಬಾಕ್ಕೆ ಇದು ಸಾಕೇ? ನನಗೇನು ಗೊತ್ತು! ಯಾದಗಿರಿಯಲ್ಲಿ ಹುಟ್ಟಿ ಬೆಳೆದವಳು ನಾನು, ಸಮುದ್ರವನ್ನು ಕಂಡದ್ದೇ ಶಾಲೆಯ ಪ್ರವಾಸದಲ್ಲಿ. ಮಾಮಾ ಮಾತ್ರ ಕೊಂಡವರು ಬರೆದ ಅಭಿಪ್ರಾಯಗಳನ್ನೆಲ್ಲ ನಮ್ಮ ಪಡಸಾಲೆಯಲ್ಲಿ ಓಡಾಡುತ್ತಲೇ ಗಟ್ಟಿಯಾಗಿ ಓದಿದ. ‘ನೋಡು, ಇವನ್ಯಾರೋ ಬಾಳ ಛೊಲೊ ಅದ ಅಂದಾನ. ಡಬ್ಬಿ ಇನ್ನಾ ಬಿಚ್ಚಿಲ್ಲ ಅಂತ ಬರ್‍ದಾನ. ಬಿಚ್ಚದೇ ಇಷ್ಟು ಛೊಲೊ ಇದ್ರ, ಬಿಚ್ಚಿದ ಮ್ಯಾಲ?’

ಸೆಟ್ಟು ನಮ್ಮ ಮನೆಯ ವಿಳಾಸಕ್ಕೇ ಬಂತು, ಅಜ್ಜಿಯ ಕಣ್ಣಿಗೆ ಬೀಳಬಾರದಲ್ಲ. ಬಂದದ್ದನ್ನು ಸುಮ್ಮನೆ ಹಾಕಿಕೊಳ್ಳುವಂತಿಲ್ಲ, ಪೂಜೆಯಾಗಬೇಕು. ನಮ್ಮಲ್ಲಿ ಹೊಸ ಗಾಡಿ ತಂದರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಓಡಿಸುತ್ತಾರೆ. ಮಾಮಾ ಮಾಸ್ಕಿನ ಗಾಜಿಗೆ ಅಡ್ಡಡ್ಡ ವಿಭೂತಿ ಬಳಿದ, ಕೊಳವೆಗೆ ಕುಂಕುಮ ಹಚ್ಚಿದ, ಎರಡೂ ರಬ್ಬರ್ ಚಪ್ಪಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣಿಟ್ಟು, ಮಾಸ್ಕು ಏರಿಸಿ, ಹರಹರ ಎಂದು ಹೆಜ್ಜೆ ಹಾಕಿದ. ನಿಂಬೆಹಣ್ಣು ಒಂದು ಕಡೆ, ಮಾಮಾ ಇನ್ನೊಂದು ಕಡೆ! ಗೋಡೆ ಹಿಡಿದುಕೊಂಡು ನಿಂತವನು ವಿಭೂತಿಯ ಗಾಜಿನೊಳಗಿಂದ ಕಣ್ಣು ಪಿಳಿಪಿಳಿಸಿ, ‘ಸಮುದ್ರದಾಗ ಬಾಳ ಕತ್ತಲಿ ಇರ್ತದ ಅನಸ್ತದವ್ವ’ ಎಂದ. ಬಿದ್ದಿದ್ದರೆ ಏನು ಗತಿ ಎಂದು ನಾನು ಬೈದೆ, ಅವನಿಗೆ ಕೇಳಿಸಲೇ ಇಲ್ಲ.

ಇಷ್ಟಾದರೂ ಆ ಮಾಸ್ಕಿಗೆ ಒಂದು ಹನಿ ನೀರು ತಾಗಿಸಲಿಲ್ಲ. ಬಕೆಟ್ಟಿನಲ್ಲಿ ಮುಖ ಅದ್ದಿ ನೋಡು ಎಂದರೆ, ‘ಅವ್ವಗ ಮಾತು ಕೊಟ್ಟೀನಿ’ ಎಂದು ತಲೆಯಾಡಿಸಿದ. ಬಕೆಟ್ಟು ಬಾವಿಯಲ್ಲವಲ್ಲ ಎಂದೆ. ‘ನೀರು ನೀರೇ’ ಎಂದ. ಕೊನೆಗೆ ಕರಾವಳಿಯ ಆ ಸ್ಕೂಬಾದವರಿಗೇ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟೆವು. ಆ ಕಡೆ ಬಹಳ ಮೃದುವಾದ ದನಿ.

‘ನೀವೇನೂ ತರುವುದು ಬೇಡ ಸಾರ್, ಎಲ್ಲ ನಮ್ಮಲ್ಲೇ ಉಂಟು.’

‘ನಂದು ಸ್ವಂತ ಸೆಟ್ ಅದರೀ!’

‘ಹೌದಾ? ಮಾಸ್ಕಿನ ಗಾಜು ಪ್ಲಾಸ್ಟಿಕ್ಕಾ, ಗಟ್ಟಿ ಗಾಜಾ? ಮೂಗು ಒಳಗೆ ಬರ್ತದಾ? ಹೊರಗಿಂದ ಮೂಗು ಹಿಂಡಲಿಕ್ಕೆ ಆಗ್ತದಾ? ಕೆಳಗೆ ಹೋದ ಹಾಗೆ ಕಿವಿ ಒತ್ತುತ್ತದೆ, ಆವಾಗ ಮೂಗು ಹಿಂಡಿ ಊದಬೇಕು.’

ಮಾಮಾ ಅಲ್ಲಿಯೇ ಮೂಗು ಹಿಂಡಿ, ಗಲ್ಲ ಉಬ್ಬಿಸಿ ಊದಿದ. ಗಾಜನ್ನು ಉಗುರಿನಿಂದ ಬಡಿದು ನೋಡಿದ. ಮಾಸ್ಕು ಪಾಸು! ಕೊಳವೆ ನಪಾಸು, ಏಕೆಂದರೆ ನೀರಿನ ತಳಕ್ಕೆ ಹೋದವನಿಗೆ ಮೇಲಿನ ಗಾಳಿ ಎಟುಕುವುದಿಲ್ಲ. ಚಪ್ಪಲಿ ತೀರಾ ಹಗುರ, ಮನೆಯಲ್ಲೇ ಇರಲಿ. ‘ಒಳಗೆ ಉಸಿರಾಡಲಿಕ್ಕೆ ನಾವು ಬೆನ್ನಿಗೆ ಸಿಲಿಂಡರ್ ಕಟ್ತೇವೆ’ ಎಂದಿತು ದನಿ.

ಮಾಮಾ ಓಡಾಟ ನಿಲ್ಲಿಸಿ ನನ್ನ ಮುಖ ನೋಡಿದ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮಕ್ಕಳು ಬಾವಿಯಲ್ಲಿ ಈಜು ಕಲಿಯುವಾಗ ಬೆನ್ನಿಗೆ ಒಂದು ಖಾಲಿ ಎಣ್ಣೆ ಡಬ್ಬಿ ಕಟ್ಟುತ್ತಾರೆ. ಡಬ್ಬಿ ತೇಲುತ್ತದೆ, ಅದರ ಜೊತೆ ಮಗುವೂ ತೇಲುತ್ತದೆ. ನೀರಿಗಿಳಿಯದ ಮಾಮಾನಿಗೂ ಇಷ್ಟು ಗೊತ್ತಿತ್ತು.

‘ಏನ್ರೀ ನೀವು! ಬೆನ್ನಿಗಿ ಡಬ್ಬಿ ಕಟ್ಟಿದ್ರ ಮನಷ್ಯಾ ಮುಳುಗೋದು ಹೆಂಗ? ಡಬ್ಬಿ ಕಟ್ಟೋದು ತೇಲಾಕ!’

‘ಅದು ಖಾಲಿ ಡಬ್ಬ ಸಾರ್. ಇದರಲ್ಲಿ ಗಾಳಿ ಇರ್ತದೆ.’

‘ಖಾಲಿ ಡಬ್ಬ್ಯಾಗ ಮತ್ತೇನಿರ್ತದರಿ, ಹಾಲಾ?’

ಆಮೇಲೆ ಪಾಪ, ಸಿಲಿಂಡರ್ ಉಕ್ಕಿನದು, ಗಾಳಿಯನ್ನು ಒತ್ತಿ ತುಂಬಿರುತ್ತಾರೆ, ಮೇಲಿಂದ ಸೊಂಟಕ್ಕೆ ಸೀಸದ ಭಾರ ಕಟ್ಟುತ್ತಾರೆ ಎಂದೆಲ್ಲ ತಿಳಿಸಿ ಹೇಳಿ, ಮಾಸ್ಕು ಸರಿ ಕೂರುತ್ತದೆಯೋ ಇಲ್ಲವೋ ನೋಡುವ ಉಪಾಯವನ್ನೂ ಆತ ಕಲಿಸಿದ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ಕೈ ಬಿಡಬೇಕು. ಅಂಟಿಕೊಂಡರೆ ಸರಿ. ಮಾಮಾ ಎಳೆದ. ಮಾಸ್ಕು ಬಿತ್ತು. ಮತ್ತೆ ಎಳೆದ, ಮತ್ತೆ ಬಿತ್ತು.

‘ಮೀಸೆ ಉಂಟಾ ಸಾರ್?’

‘ಸುರಪುರದವಗ ಕೇಳೋ ಮಾತೇನ್ರೀ ಇದು!’

‘ಹಾಗಾದರೆ ಸಂದಿಯಿಂದ ನೀರು ಬರ್ತದೆ. ಸ್ವಲ್ಪ ಬಂದರೆ ತೊಂದರೆ ಇಲ್ಲ. ದೊಡ್ಡ ಮೀಸೆ ಆದರೆ ನೋಡಿ...’

ಮಾಮಾನದು ದೊಡ್ಡದೆಂದರೆ ಎಂಥ ದೊಡ್ಡದು! ಊರಿನ ಮಂದಿಗೆ ಮೊದಲು ಮೀಸೆ ಕಾಣುತ್ತಿತ್ತು, ಆಮೇಲೆ ಮಾಮಾ. ನಮ್ಮ ಕಡೆ ಗಂಡಸು ಮೀಸೆ ತೆಗೆಸುವುದು ಅಪ್ಪ ಅಥವಾ ಅವ್ವ ತೀರಿಹೋದಾಗ ಮಾತ್ರ. ಅವನ ಅಪ್ಪ ತೀರಿಕೊಂಡಾಗ ತೆಗೆಸಿದ್ದೇ ಕೊನೆ, ಆಮೇಲೆ ಕತ್ತರಿ ತುದಿಗಷ್ಟೇ ತಾಗಿತ್ತು. ಅಂಥ ಮೀಸೆಯನ್ನು ಬೆರಳಲ್ಲಿ ಹಿಡಿದು ಮಾಮಾ ಆ ದಿನವೆಲ್ಲ ನಮ್ಮ ಮನೆಯ ಮಾಳಿಗೆಯ ಮೇಲೆ ಸುತ್ತಿದ. ಬೆಣ್ಣೆ ಹಚ್ಚಿ ಮಾಸ್ಕು ಒತ್ತಿ ನೋಡಿದ, ಅದು ಜಾರಿ ಬಾಯಿಗೆ ಬಂತು. ಮರುದಿನ ಸ್ಟೇಷನ್ ರಸ್ತೆಯ ಕ್ಷೌರದಂಗಡಿಗೆ ಹೊರಟ. ಅಲ್ಲಿಯಾದರೆ ಗುರುತಿನವರು ಇರುವುದಿಲ್ಲ ಎಂಬ ಲೆಕ್ಕ. ಅಲ್ಲಿ ನಡೆದದ್ದನ್ನು ಅವನೇ ಬಂದು ಹೇಳಿದ.

‘ಮೀಸಿ ತಗೀರಿ ಅಂದೆ. ಪಾಪ ಅವ ಎದಿ ಮ್ಯಾಲ ಕೈ ಇಟ್ಕೊಂಡು, ಯಾರು ಹೋದ್ರರಿ ಅಂದ. ಯಾರೂ ಹೋಗಿಲ್ಲ, ನಾನೇ ಹೊಂಟೀನಿ ಅಂದೆ. ಎಲ್ಲಿಗಿ ಅಂದ. ನೀರಾಗ ಅಂದೆ.’

ಕ್ಷೌರಿಕ ಕತ್ತಿ ಕೆಳಗಿಟ್ಟು, ಬಾಗಿಲು ಹಾಕಿ, ಚಹಾ ತರಿಸಿ, ಮನುಷ್ಯ ಜನ್ಮ ಎಷ್ಟು ದೊಡ್ಡದೆಂದು ಬಹಳ ಹೊತ್ತು ತಿಳಿಹೇಳಿದನಂತೆ. ಮಾಮಾ ಕುರ್ಚಿಯಿಂದ ಎದ್ದೆದ್ದು ಓಡಾಡುತ್ತ ಎಲ್ಲವನ್ನೂ ಒಪ್ಪಿಕೊಂಡು, ಕೊನೆಗೆ ಮೀಸೆ ತೆಗೆಸಿಕೊಂಡೇ ಬಂದ. ಮನೆಗೆ ಬಂದು ಮಾಸ್ಕು ಒತ್ತಿ ಉಸಿರೆಳೆದ. ಅಂಟಿಕೊಂಡಿತು! ಕೈ ಬಿಟ್ಟು ಕುಣಿದರೂ ಬೀಳಲಿಲ್ಲ.

ಅಜ್ಜಿಗೆ ಹೇಳುವುದು ಇನ್ನು ಬಾಕಿ. ಅದಕ್ಕೆ ಜೊತೆ ಬೇಕೆಂದು ಸುರಪುರಕ್ಕೆ ನನ್ನನ್ನೂ ಹೊರಡಿಸಿದ. ಬಸ್ಸು ಶಹಾಪುರಕ್ಕೆ ಬಂದಾಗ ಸುರಪುರದ ಗುರುತಿನವರೊಬ್ಬರು ಹತ್ತಿ, ಮಾಮಾನ ಬೋಳು ತುಟಿ ನೋಡಿ ಅಲ್ಲೇ ನಿಂತುಬಿಟ್ಟರು. ಮೆಲ್ಲಗೆ ಬಂದು ಅವನ ಕೈ ಹಿಡಿದುಕೊಂಡರು. ನಾನು ಹಿಂದಿನ ಸೀಟಿನಲ್ಲಿದ್ದೆ.

‘ಅವ್ವಗ ವಯಸ್ಸು ಬಾಳ ಆಗಿತ್ತಲ್ರಿ?’

‘ಹೌದ್ರಿ, ಎಂಬತ್ತು ದಾಟ್ಯಾವ’ ಎಂದ ಮಾಮಾ, ಮುಂದಿನ ಸ್ಟಾಪಿನಲ್ಲಿ ಇಳಿದು ಹತ್ತುವ ತಯಾರಿಯಲ್ಲಿ ಬಾಗಿಲ ಕಡೆ ನೋಡುತ್ತ.

‘ಕಡೀಕ ಏನಂದ್ರು?’

‘ಜಲ್ದಿ ಬಾ, ರೊಟ್ಟಿ ಆರಿ ಹೋಗ್ತಾವ ಅಂದ್ಳು.’

ಅವರು ಕಣ್ಣೊರೆಸಿಕೊಂಡರು. ‘ಎಂಥಾ ತಾಯಿ!’ ಎಂದರು. ಬಸ್ಸಿನ ಹಿಂದಕ್ಕೆ ಹೋಗಿ ಫೋನು ಕಿವಿಗಿಟ್ಟರು. ಏನಾಗುತ್ತಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತ್ತು.

ನಾವು ಮನೆ ಮುಟ್ಟಿದಾಗ ಅಂಗಳದ ತುಂಬ ಮಂದಿ. ಗಂಡಸರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತಿದ್ದಾರೆ. ಒಬ್ಬ ಹಿರಿಯರು ಹೂವಿನ ಹಾರವನ್ನು ಬೆನ್ನ ಹಿಂದೆ ಅಡಗಿಸಿ ಹಿಡಿದಿದ್ದಾರೆ. ಅವರೆಲ್ಲರ ನಡುವೆ, ಕಟ್ಟೆಯ ಮೇಲೆ, ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಳೆ! ಬಂದವರು ಬಾಯಿ ಬಿಡಲಾರರು, ಹೊರಟು ಹೋಗಲಾರರು. ಅತ್ತೆ ಏನೂ ತಿಳಿಯದೆ ಎಲ್ಲರಿಗೂ ಚಹಾ ಹಂಚುತ್ತಿದ್ದಳು.

‘ಯಾರು ಹೋಗ್ಯಾರ ಅಂತ ಕೇಳಿದ್ರ ಒಬ್ರೂ ಹೇಳವಲ್ರು’ ಎಂದು ಅಜ್ಜಿ ನಮ್ಮನ್ನು ನೋಡದೆಯೇ ಗೊಣಗಿದಳು. ‘ಆ ಹಾರ ಬಾಡ್ತದ, ಒಯ್ದು ದೇವರಿಗಾರ ಹಾಕ್ರಿ.’

ಆಮೇಲೆ ತಲೆಯೆತ್ತಿದಳು. ಮಗನ ತುಟಿ ನೋಡಿದಳು. ಮೊರ ಜಾರಿ ಜೋಳ ಚೆಲ್ಲಿತು.

‘ನಾ ಇನ್ನಾ ಇದ್ದೀನಲ್ಲೋ!’

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಮತ್ತೊಬ್ಬರು ನಕ್ಕರು, ಆಮೇಲೆ ಎಲ್ಲರೂ. ಹಾರ ತಂದ ಹಿರಿಯರು ಅದನ್ನು ನಿಜವಾಗಿಯೂ ದೇವರ ಜಗಲಿಗೆ ಏರಿಸಿ, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಹೋದರು. ಮಂದಿಯೆಲ್ಲ ಚದುರುವ ತನಕ ಅಜ್ಜಿ ಚೆಲ್ಲಿದ ಜೋಳವನ್ನು ಮೊರಕ್ಕೆ ಬಳಿದು ತುಂಬಿದಳು. ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು.

‘ಯಾರ ಸಲುವಾಗಿ ತಗಿಸಿದಿ?’

ಮಾಮಾ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದ. ಬೆರಳು ಮೀಸೆ ತಿರುವಲು ಹೋಗಿ ಬರಿ ತುಟಿ ಮುಟ್ಟಿ ಬಂತು. ಚೀಲದಿಂದ ಮಾಸ್ಕು, ಕೊಳವೆ ತೆಗೆದು ಅಜ್ಜಿಯ ಮುಂದಿಟ್ಟ. ಸಮುದ್ರದ ಮಾತು ಹೇಳಿದ, ಮೀನಿನ ಮಾತು ಹೇಳಿದ, ಗಾಜು ಎಷ್ಟು ಗಟ್ಟಿ, ಬೆನ್ನಿನ ಡಬ್ಬಿಯೊಳಗೆ ಎಷ್ಟು ಗಾಳಿ ಎಂದೆಲ್ಲ ಹೇಳಿದ. ಅಜ್ಜಿ ಅವನನ್ನೇ ನೋಡುತ್ತಿದ್ದಳು. ಕೊನೆಗೆ ಅವನ ದನಿ ಇಳಿಯಿತು.

‘ಅಣ್ಣ ಬಾವ್ಯಾಗ ಜಿಗಿಯೋ ಮುಂದ ಅಂಗಿ ಬಿಚ್ಚಿ ನನ್ನ ಕೈಯಾಗ ಕೊಟ್ಟಿದ್ದವ್ವ. ಹಿಡ್ಕೊಂಡು ನಿಂದ್ರು, ಬರ್ತೀನಿ ಅಂದಿದ್ದ. ಒಮ್ಮಿ ಒಳಗ ಹೋಗಿ ನೋಡಿ ಬರ್ತೀನಿ. ನೀ ಬ್ಯಾಡ ಅಂದ್ರ ಹೋಗಂಗಿಲ್ಲ.’

ಈ ಮಾತು ನಾವ್ಯಾರೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅಜ್ಜಿ ಮಾಸ್ಕನ್ನು ಕೈಗೆತ್ತಿಕೊಂಡಳು, ರಬ್ಬರನ್ನು ಜಗ್ಗಿ ನೋಡಿದಳು, ಕೊಳವೆಯ ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿದಳು.

‘ಸೋವಿದು ಕಾಣ್ತದಲ್ಲೋ.’

‘ಹೌದವ್ವ.’

‘ಇದರಾಗ ಉಸರಾಡಾಕ ಬರ್ತದೇನು?’

‘ಬರ್ತದ.’

‘ತೋರಸು.’

ಹಿತ್ತಿಲಲ್ಲಿ ಬಳಸುವ ನೀರಿನ ಸಿಮೆಂಟಿನ ತೊಟ್ಟಿಯೊಂದಿದೆ, ಸೊಂಟದೆತ್ತರ. ಅಜ್ಜಿಯೇ ಮುಂದೆ ನಡೆದಳು. ಮಾಮಾ ಮಾಸ್ಕು ಏರಿಸಿದ, ಕೊಳವೆ ಕಚ್ಚಿದ, ತೊಟ್ಟಿಯ ಅಂಚು ಹಿಡಿದು ಬಗ್ಗಿದ. ಮುಖ ನೀರಿಗೆ ತಾಗುವಾಗ ಒಂದು ಸಲ ತಡೆದು ಅಜ್ಜಿಯ ಕಡೆ ನೋಡಿದ. ಅವನ ಮುಖ ಒಳಗೆ ಹೋಯಿತು, ಕಿವಿ ಒಳಗೆ ಹೋಯಿತು, ನರೆತ ಕೂದಲು ನೀರಿನಲ್ಲಿ ಹರಡಿತು. ಮೇಲೆ ಉಳಿದದ್ದು ಆ ಕೊಳವೆಯ ತುದಿ ಮಾತ್ರ.

ಅಜ್ಜಿ ಹತ್ತಿರ ಹೋಗಿ ತನ್ನ ಅಂಗೈಯನ್ನು ಆ ತುದಿಯ ಮೇಲೆ ಹಿಡಿದಳು. ಮುಚ್ಚಲಿಲ್ಲ, ಗಾಳಿ ತಾಗುವಷ್ಟು ಎತ್ತರದಲ್ಲಿ ಹಿಡಿದಳು.

‘ಬರಾಕತ್ತದ’ ಎಂದಳು.

ನನಗೆ ಅಳು ಬಂತು, ಮುಚ್ಚಿಟ್ಟು ಏನು ಮಾಡಲಿ? ನೀರಿನೊಳಗಿದ್ದವನಿಗೆ ಅವಳ ಕೈ ಕಾಣುತ್ತಿರಲಿಲ್ಲ. ಆದರೂ ಬೇಕೆಂದೇ ಮಾಡಿದಂತೆ ನಿಧಾನವಾಗಿ, ಗಟ್ಟಿಯಾಗಿ ಉಸಿರು ಬಿಡುತ್ತಿದ್ದ. ಸೆರಗು ಗಾಳಿಗೆ ಹಾರಿದರೂ ಅವಳು ಇನ್ನೊಂದು ಕೈ ಎತ್ತಿ ಸರಿಮಾಡಿಕೊಳ್ಳಲಿಲ್ಲ. ಎಷ್ಟು ಹೊತ್ತು ಹಾಗಿದ್ದರೋ ಗೊತ್ತಿಲ್ಲ. ಮಾಮಾನ ಕಾಲು ಅಲುಗಲಿಲ್ಲ. ತೊಟ್ಟಿಯ ನೀರೂ ಅಲುಗಲಿಲ್ಲ.

ಕೊನೆಗೆ ಅವನು ಮುಖ ಎತ್ತಿ ಮಾಸ್ಕು ತೆಗೆದ. ನೀರು ಇಳಿಯುತ್ತಿದ್ದ ಆ ಬೋಳು ಮುಖವನ್ನು ಅಜ್ಜಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೆರಗಿನಿಂದ ಕಣ್ಣು, ಮೂಗು, ತುಟಿ ಎಲ್ಲ ಒರೆಸಿದಳು.

‘ಮ್ಯಾಲ ಬಂದಿ’ ಎಂದಳು. ಅವನ ಕೈಯಲ್ಲಿದ್ದ ಮಾಸ್ಕನ್ನೂ ಸೆರಗಿನಿಂದ ಒರೆಸಿ, ‘ಹೋಗಿ ಬಾ’ ಎಂದಳು.